ಫ್ರೆಂಚ್ ಪರೀಕ್ಷೆ: ಕಲಿಯುವುದು ಯಾವಾಗ, ಬರೆಯುವುದು ಯಾವಾಗ?



ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಎಂಬ ಊರಿದೆ. ಹಿಂದೆ ಈ ಊರು ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800–1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸದ ಬಗ್ಗೆ ಬರೆದಿದ್ದಾನೆ. ಫ್ರೆಂಚ್ ಪರೀಕ್ಷೆಯ ಮಾತಿಗೆ ಮತ್ತೋಡಿನ ಬಳೆ ಏಕೆ ಬಂತು ಎಂದು ನೀವು ಕೇಳಬಹುದು. ಕಾರಣವಿದೆ. ಫ್ರೆಂಚ್ ಭಾಷೆಯಲ್ಲಿ ಗಾಜಿಗೆ ‘ವೆರ್’ ಎನ್ನುತ್ತಾರೆ. ಹಸಿರು ಬಣ್ಣಕ್ಕೂ ‘ವೆರ್’ ಎನ್ನುತ್ತಾರೆ. ‘ಆ ಕಡೆಗೆ’ ಎನ್ನುವಾಗಿನ ‘ಕಡೆಗೆ’ಯೂ ‘ವೆರ್’, ಮಣ್ಣಿನ ಹುಳುವೂ ‘ವೆರ್’. ಬರೆಯುವಾಗ ನಾಲ್ಕಕ್ಕೂ ಬೇರೆ ಬೇರೆ ಅಕ್ಷರಗಳು. ಕಿವಿಗೆ ಮಾತ್ರ ನಾಲ್ಕೂ ಒಂದೇ. ಹಸಿರು ಗಾಜು ಎನ್ನಬೇಕಾದರೆ ‘ವೆರ್ ವೆರ್’ ಎಂದು ಎರಡು ಸಲ ಹೇಳಿದಂತೆ ಕೇಳಿಸುತ್ತದೆ. ಪುಸ್ತಕದಿಂದಷ್ಟೇ ಫ್ರೆಂಚ್ ಕಲಿತವನು ಧ್ವನಿಮುದ್ರಿಕೆಯ ಮುಂದೆ ಕುಳಿತಾಗ ಎಲ್ಲಿ ತಬ್ಬಿಬ್ಬಾಗುತ್ತಾನೆ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ, ಅದರಲ್ಲೂ ಸಣ್ಣ ಊರುಗಳ ಕಾಲೇಜು ವಿದ್ಯಾರ್ಥಿಗಳ ಪತ್ರಗಳಲ್ಲಿ, ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ‘ಫ್ರೆಂಚ್ ಪರೀಕ್ಷೆ ಪಾಸು ಮಾಡಿದರೆ ಕೆನಡಾಕ್ಕೆ ಹೋಗಬಹುದಂತೆ, ಮೂರು ತಿಂಗಳಲ್ಲಿ ಕಲಿಸುತ್ತಾರಂತೆ, ಸೇರಬಹುದೇ?’ ಈ ‘ಅಂತೆ’ಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಹೋಗುವುದು ಬಿಡುವುದು ನಿಮ್ಮ ಮತ್ತು ನಿಮ್ಮ ಮನೆಯವರ ವಿಚಾರ. ಆದರೆ ತೆಂಗಿನ ತೋಟದ ಮೇಲೆ ಸಾಲ ಎತ್ತಿ ಶುಲ್ಕ ಕಟ್ಟುವ ಮುನ್ನ ಯಾವ ಪರೀಕ್ಷೆ, ಯಾವ ಹೊತ್ತಿನಲ್ಲಿ, ಎಷ್ಟು ತಯಾರಿಯೊಂದಿಗೆ ಎಂಬುದು ಗೊತ್ತಿರಬೇಕಲ್ಲವೆ?

ಮೊದಲಿಗೆ, ‘ಫ್ರೆಂಚ್ ಪರೀಕ್ಷೆ’ ಎಂಬ ಒಂದೇ ಪರೀಕ್ಷೆ ಇಲ್ಲ. ಡೆಲ್ಫ್ ಮತ್ತು ಡಾಲ್ಫ್ ಎಂಬುವು ಫ್ರಾನ್ಸಿನ ಶಿಕ್ಷಣ ಸಚಿವಾಲಯದ ಡಿಪ್ಲೊಮಾಗಳು. ಎ1, ಎ2, ಬಿ1, ಬಿ2 ಎಂಬ ನಾಲ್ಕು ಮೆಟ್ಟಿಲು ಡೆಲ್ಫ್‌ನದು. ಅದರ ಮೇಲಿನ ಸಿ1, ಸಿ2 ಡಾಲ್ಫ್‌ನವು. ಎ1 ಎಂದರೆ ಹೆಸರು, ಊರು, ಬೆಲೆ ಕೇಳಿ ಹೇಳುವಷ್ಟು ಭಾಷೆ. ಬಿ2 ಎಂದರೆ ಪತ್ರಿಕೆ ಓದಿ, ಒಂದು ವಿಷಯದ ಪರ ಅಥವಾ ವಿರೋಧವಾಗಿ ವಾದ ಮಾಡುವಷ್ಟು ಭಾಷೆ. ಡೆಲ್ಫ್ ಒಮ್ಮೆ ಸಿಕ್ಕಿದರೆ ಜೀವನಪರ್ಯಂತ ನಿಮ್ಮದು. ಟಿಇಎಫ್ ಮತ್ತು ಟಿಸಿಎಫ್ ಬೇರೆ ಜಾತಿಯವು. ಇವುಗಳಲ್ಲಿ ಪಾಸು, ಫೇಲು ಎಂಬುದಿಲ್ಲ. ಅಂದಿನ ದಿನ ನಿಮ್ಮ ಭಾಷೆ ಯಾವ ಮಟ್ಟದಲ್ಲಿದೆ ಎಂದು ಅಳೆದು ಕೊಡುತ್ತಾರೆ, ಜ್ವರ ನೋಡುವ ಥರ್ಮಾಮೀಟರಿನ ಹಾಗೆ. ಆ ಅಳತೆಯ ಬೆಲೆ ಎರಡು ವರ್ಷ ಮಾತ್ರ.

ಎಡವುವುದು ಇಲ್ಲಿಯೇ. ಕೆನಡಾದಲ್ಲಿ ನೆಲೆಸಲು ಅರ್ಜಿ ಹಾಕುವವರಿಂದ ಆ ದೇಶದ ವಲಸೆ ಇಲಾಖೆ ಸ್ವೀಕರಿಸುವ ಫ್ರೆಂಚ್ ಪರೀಕ್ಷೆಗಳು ಎರಡೇ: ಟಿಇಎಫ್ ಕೆನಡಾ ಮತ್ತು ಟಿಸಿಎಫ್ ಕೆನಡಾ. ಡೆಲ್ಫ್ ಬಿ2 ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ತೆಗೆದುಕೊಂಡು ಹೋದರೂ ಅಲ್ಲಿ ನಡೆಯುವುದಿಲ್ಲ. ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಮಾಧ್ಯಮದ ಪದವಿಗೆ ಸೇರುವವರಿಂದ ಸಾಮಾನ್ಯವಾಗಿ ಬಿ2 ಮಟ್ಟವನ್ನು ಕೇಳುತ್ತಾರೆ. ಅಲ್ಲಿ ಡೆಲ್ಫ್ ಬಲು ಉಪಯೋಗಿ. ಫ್ರಾನ್ಸಿನಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಹೇಳುವ ಸ್ನಾತಕೋತ್ತರ ತರಗತಿಗಳೂ ಇವೆ, ಅವಕ್ಕೆ ಫ್ರೆಂಚ್ ಪರೀಕ್ಷೆ ಬೇಕಾಗದಿರಬಹುದು. 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳು ಫ್ರಾನ್ಸಿನಲ್ಲಿ ಓದುವಂತಾಗಬೇಕು ಎಂಬ ಗುರಿಯನ್ನು ಅಲ್ಲಿನ ಅಧ್ಯಕ್ಷ ಮಾಕ್ರೋನ್ 2024ರ ಜನವರಿಯಲ್ಲಿ ನಮ್ಮ ದೇಶಕ್ಕೆ ಬಂದಾಗ ಪ್ರಕಟಿಸಿದ್ದರು. ಹಾಗಾಗಿ ಫ್ರೆಂಚ್ ಎಂದೊಡನೆ ಕೆನಡಾ ಒಂದನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಬೇಕಾಗಿಲ್ಲ.

ಆದರೂ ಹೆಚ್ಚಿನವರ ಪ್ರಶ್ನೆ ಕೆನಡಾದ್ದೇ ಆದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ. 1969ರ ಅಧಿಕೃತ ಭಾಷೆಗಳ ಕಾಯಿದೆಯ ಕಾಲದಿಂದಲೂ ಕೆನಡಾದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡಕ್ಕೂ ಸಮಾನ ಸ್ಥಾನ. ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಬಹುಸಂಖ್ಯಾತರ ಮಾತು. ಅದರ ಹೊರಗೆ ಫ್ರೆಂಚ್ ಮಾತನಾಡುವವರ ಪ್ರಮಾಣ ದಶಕದಿಂದ ದಶಕಕ್ಕೆ ಇಳಿಯುತ್ತ ಬಂದಿದೆ. ಕಾಸರಗೋಡಿನ ಕನ್ನಡಿಗರಿಗೆ ಈ ಪರಿಸ್ಥಿತಿಯನ್ನು ವಿವರಿಸಬೇಕಾಗಿಲ್ಲ: ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ಮಕ್ಕಳ ಶಾಲೆಗೆ ವಿದ್ಯಾರ್ಥಿಗಳ ಸಂಖ್ಯೆ ಸಾಲದೆ ಹೋಗುವ ಚಿಂತೆ. ಕ್ವಿಬೆಕ್‌ನ ಹೊರಗೆ ನೆಲೆಸಿ ಫ್ರೆಂಚ್ ಬಳಸುವ ಹೊಸಬರು ಬೇಕೆಂದು ಕೆನಡಾ ಸರ್ಕಾರ ಅಂಥವರಿಗೆ ಹೆಚ್ಚುವರಿ ಅಂಕ ಕೊಡುತ್ತದೆ. 2020ರ ಅಕ್ಟೋಬರಿನಿಂದ ಈ ಅಂಕ ಇಂಗ್ಲಿಷ್ ಕಡಿಮೆ ಬಲ್ಲವರಿಗೆ 25, ಇಂಗ್ಲಿಷನ್ನೂ ಸಾಕಷ್ಟು ಬಲ್ಲವರಿಗೆ 50. 2023ರಿಂದ ಫ್ರೆಂಚ್ ಬಲ್ಲವರಿಗಾಗಿಯೇ ಆಯ್ಕೆಯ ಪ್ರತ್ಯೇಕ ಸುತ್ತುಗಳನ್ನೂ ನಡೆಸುತ್ತಿದ್ದಾರೆ. 2025ರ ಮಾರ್ಚ್ 21ರ ಸುತ್ತಿನಲ್ಲಿ 7,500 ಮಂದಿಗೆ ಆಹ್ವಾನ ಹೋಯಿತು, ಕೊನೆಯವರ ಅಂಕ 379. ಆ ವರ್ಷದ ಕೆಲವು ಬೇರೆ ಸುತ್ತುಗಳಲ್ಲಿ 500 ದಾಟಿದವರಿಗೂ ಅವಕಾಶ ಸಿಗಲಿಲ್ಲ. ಇಷ್ಟು ವ್ಯತ್ಯಾಸವಿರುವುದರಿಂದಲೇ ಊರೂರಿನಲ್ಲಿ ಫ್ರೆಂಚ್ ತರಗತಿಗಳ ಫಲಕ ಕಾಣಿಸುತ್ತಿರುವುದು.

ಫಲಕ ಹೇಳದ ಮಾತು ಇನ್ನೊಂದಿದೆ. ಆ ಸುತ್ತಿನಲ್ಲಿ ನಿಲ್ಲಬೇಕಾದರೆ ಮೊದಲು ಮೂಲ ಅರ್ಹತೆ ಬೇಕು. ಭಾರತದಿಂದ ನೇರವಾಗಿ ಅರ್ಜಿ ಹಾಕುವ ಕುಶಲ ಉದ್ಯೋಗಿಗೆ ಕನಿಷ್ಠ ಒಂದು ವರ್ಷದ ನಿರಂತರ ಅನುಭವ, ವಿದ್ಯಾಭ್ಯಾಸದ ಮೌಲ್ಯಮಾಪನ, ಕೈಯಲ್ಲಿ ಹಣ ಇವೆಲ್ಲ ಇರಬೇಕು. ಪಿಯುಸಿ ಮುಗಿಸಿದವನಿಗಾಗಲಿ, ಬಿಎಸ್‌ಸಿ ಎರಡನೆಯ ವರ್ಷದಲ್ಲಿರುವವಳಿಗಾಗಲಿ ಇವು ಇರುವುದಿಲ್ಲ. ಈಗಲೇ ಟಿಇಎಫ್ ಕೆನಡಾ ಬರೆದರೆ, ಡಿಗ್ರಿ ಮುಗಿಸಿ, ಕೆಲಸ ಹಿಡಿದು, ಒಂದು ವರ್ಷದ ಅನುಭವ ಗಳಿಸುವಷ್ಟರಲ್ಲಿ ಆ ಕಾಗದದ ಎರಡು ವರ್ಷ ಕಳೆದುಹೋಗಿರುತ್ತದೆ. ಆದ್ದರಿಂದ ನಿಮ್ಮ ವಯಸ್ಸಿನವರಿಗೆ ನನ್ನ ಸಲಹೆ ಸ್ಪಷ್ಟ: ಭಾಷೆಯನ್ನು ಈಗ ಕಲಿಯಿರಿ. ನಡುವೆ ನಿಮ್ಮ ಮಟ್ಟ ತಿಳಿಯಬೇಕೆನಿಸಿದರೆ ಅವಧಿ ಮುಗಿಯದ ಡೆಲ್ಫ್ ಬರೆಯಿರಿ. ಕೆನಡಾ ಹೆಸರಿನ ಪರೀಕ್ಷೆಯನ್ನು ಅರ್ಜಿ ಹಾಕುವ ವರ್ಷಕ್ಕೆ ಇಟ್ಟುಕೊಳ್ಳಿ. ‘ಈಗಲೇ ಬರೆದುಬಿಡು’ ಎಂದು ಅವಸರಪಡಿಸುವವರು ನಿಮ್ಮ ಲೆಕ್ಕಕ್ಕಿಂತ ತಮ್ಮ ಲೆಕ್ಕವನ್ನು ಮುಂದಿಟ್ಟುಕೊಂಡಿರುತ್ತಾರೆ.

ಮೂರು ತಿಂಗಳ ಮಾತಿಗೆ ಬರೋಣ. ಏನೂ ಬಾರದ ಸ್ಥಿತಿಯಿಂದ ಬಿ2 ಮುಟ್ಟಲು ಸುಮಾರು 550ರಿಂದ 650 ಗಂಟೆಗಳ ಕಲಿಕೆ ಬೇಕೆಂಬುದು ಫ್ರೆಂಚ್ ಕಲಿಸುವವರಲ್ಲಿ ಸಾಮಾನ್ಯವಾಗಿರುವ ಅಂದಾಜು. 600 ಎಂದಿಟ್ಟುಕೊಳ್ಳಿ. ದಿನಕ್ಕೆ ಒಂದು ಗಂಟೆಯಂತೆ ಇಪ್ಪತ್ತು ತಿಂಗಳು, ಎರಡು ಗಂಟೆಯಂತೆ ಹತ್ತು ತಿಂಗಳು. 90 ದಿನಗಳಲ್ಲಿ ಮುಗಿಸಬೇಕಾದರೆ ದಿನಕ್ಕೆ ಸುಮಾರು ಆರೂಮುಕ್ಕಾಲು ಗಂಟೆ, ಭಾನುವಾರವೂ ಬಿಡದೆ. ಕಾಲೇಜಿಗೆ ಹೋಗಿ, ಮನೆಯ ಕೆಲಸವನ್ನೂ ಮಾಡುವ ಹುಡುಗಿಗೆ ಇದು ಸಾಧ್ಯವೆ? ಮಿದುಳೂ ಒಪ್ಪುವುದಿಲ್ಲ. ಹೊಸ ಪದ ಒಂದೇ ಸಲಕ್ಕೆ ನೆಲೆಯೂರುವುದಿಲ್ಲ. ಒಂದು ದಿನ, ಮೂರು ದಿನ, ಒಂದು ವಾರ ಹೀಗೆ ಬಿಟ್ಟು ಬಿಟ್ಟು ಮತ್ತೆ ಎದುರಾಗಬೇಕು. ಹೊಲಕ್ಕೆ ವರ್ಷದ ಮಳೆಯೆಲ್ಲ ಒಂದೇ ವಾರ ಸುರಿದರೆ ಬೆಳೆ ಬರುತ್ತದೆಯೆ? ಹಿರಿಯೂರು ಸೀಮೆಯವರನ್ನು ಕೇಳಿ ನೋಡಿ.

ಬೆಂಗಳೂರಿನಲ್ಲಿ ಪಿಯುಸಿಗೆ ಫ್ರೆಂಚನ್ನು ಭಾಷಾ ವಿಷಯವಾಗಿ ತೆಗೆದುಕೊಂಡು ನೂರಕ್ಕೆ ತೊಂಬತ್ತೈದು ಗಳಿಸಿದವರನ್ನು ಕಂಡು ನೀವು ಹಿಂಜರಿಯಬೇಕಾಗಿಲ್ಲ. ಹೊಸದುರ್ಗದ ಕಾಲೇಜಿನಲ್ಲಿ ಫ್ರೆಂಚ್ ಅಧ್ಯಾಪಕರು ಇಲ್ಲದಿರುವುದು ಅಂಥ ದೊಡ್ಡ ನಷ್ಟವೂ ಅಲ್ಲ. ಅಲ್ಲಿನ ಅಂಕ ಹೆಚ್ಚಾಗಿ ಪಠ್ಯ ಮತ್ತು ವ್ಯಾಕರಣ ಬರೆದು ತೋರಿಸಿದ್ದಕ್ಕೆ ಬಂದದ್ದು. ಇಲ್ಲಿ ಅಳೆಯುವುದು ಕಿವಿಯನ್ನೂ ಬಾಯಿಯನ್ನೂ ಸೇರಿಸಿ.

ಟಿಸಿಎಫ್ ಕೆನಡಾವನ್ನೇ ನೋಡಿ. 35 ನಿಮಿಷಗಳಲ್ಲಿ 39 ಪ್ರಶ್ನೆಗಳಿಗೆ ಕೇಳಿ ಉತ್ತರಿಸಬೇಕು. ಧ್ವನಿ ಒಂದೇ ಬಾರಿ ಬರುತ್ತದೆ, ‘ಇನ್ನೊಮ್ಮೆ ಹೇಳಿ’ ಎನ್ನುವಂತಿಲ್ಲ. 60 ನಿಮಿಷಗಳಲ್ಲಿ ಓದಿ ಉತ್ತರಿಸುವ ಪ್ರಶ್ನೆಗಳೂ 39. ಬರವಣಿಗೆ ಮೂರು, 60 ನಿಮಿಷ. ಮಾತು 12 ನಿಮಿಷ. ಟಿಇಎಫ್ ಕೆನಡಾದಲ್ಲಿ ಓದು ಮತ್ತು ಕೇಳುವಿಕೆಗೆ ತಲಾ 40 ಪ್ರಶ್ನೆ, ಬರವಣಿಗೆ ಎರಡು, ಮಾತು 15 ನಿಮಿಷ. ಅದರ ಬರವಣಿಗೆಯಲ್ಲಿ ಒಂದು ಪತ್ರಿಕಾ ಸುದ್ದಿಯ ಆರಂಭವನ್ನು ಕೊಟ್ಟು ಮುಂದುವರಿಸಿ ಎನ್ನುತ್ತಾರೆ, ಇನ್ನೊಂದರಲ್ಲಿ ಯಾವುದಾದರೂ ಹೇಳಿಕೆಯ ಬಗ್ಗೆ ಪತ್ರಿಕೆಗೆ ನಿಮ್ಮ ಅಭಿಪ್ರಾಯ ಬರೆಯಬೇಕು. ವಾಚಕರ ವಾಣಿಗೆ ಕಾಗದ ಬರೆದು ಅಭ್ಯಾಸವಿರುವವರಿಗೆ ಇದು ಹೊಸದಲ್ಲ.

ಕೆನಡಾದ ಹೆಚ್ಚುವರಿ ಅಂಕ ಸಿಗಬೇಕಾದರೆ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಈ ನಾಲ್ಕರಲ್ಲೂ ಅವರ ಅಳತೆಗೋಲಿನ 7ನೆಯ ಮಟ್ಟ ಮುಟ್ಟಿರಬೇಕು. ಟಿಸಿಎಫ್ ಕೆನಡಾದಲ್ಲಿ ಅದು ಕೇಳುವಿಕೆಗೆ 699ಕ್ಕೆ 458, ಓದಿಗೆ 453, ಮಾತು ಮತ್ತು ಬರಹಕ್ಕೆ 20ಕ್ಕೆ 10. ಮೂರರಲ್ಲಿ 9ನೆಯ ಮಟ್ಟ ಬಂದು ಒಂದರಲ್ಲಿ 6 ಬಂದರೆ ಆ ಅಂಕವಿಲ್ಲ. ರಸಾಯನಶಾಸ್ತ್ರ ಓದುವವರು ಲೀಬಿಗ್‌ನ ಹೆಸರು ಕೇಳಿರಬಹುದು. ಗಿಡದ ಬೆಳವಣಿಗೆಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಎಲ್ಲಕ್ಕಿಂತ ಕೊರತೆಯಾಗಿರುವುದು ಎಂಬ ನಿಯಮ ಅವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ತೆಂಗಿನ ಮರಕ್ಕೆ ಪೊಟ್ಯಾಷ್ ಸಾಲದೆ ಇದ್ದಾಗ ಯೂರಿಯಾ ಮೂಟೆಗಟ್ಟಲೆ ಸುರಿದು ಏನು ಪ್ರಯೋಜನ? ನಮ್ಮ ವಿದ್ಯಾರ್ಥಿಗಳಲ್ಲಿ ಕೊರತೆ ಸಾಮಾನ್ಯವಾಗಿ ಬೀಳುವುದು ಕೇಳುವುದರಲ್ಲಿ ಮತ್ತು ಮಾತಿನಲ್ಲಿ. ಅವರು ಹೆಚ್ಚು ಹೊತ್ತು ಕಳೆಯುವುದು ಮಾತ್ರ ವ್ಯಾಕರಣದ ಕೋಷ್ಟಕದ ಮುಂದೆ.

ಈಗ ಕನ್ನಡಿಗರಿಗಾಗಿಯೇ ಕೆಲವು ಮಾತು. ಕನ್ನಡ ಮಾಧ್ಯಮದಿಂದ ಬಂದವರು ಫ್ರೆಂಚ್‌ಗೆ ಇಂಗ್ಲಿಷ್ ಚೆನ್ನಾಗಿರಬೇಕು ಎಂದು ಅಂಜುತ್ತಾರೆ. ಅನೇಕ ಪದಗಳ ಗುರುತು ಹಿಡಿಯಲು ಇಂಗ್ಲಿಷ್ ನೆರವಾಗುವುದು ನಿಜ. ಆದರೆ ಉಚ್ಚಾರದಲ್ಲಿ ಕನ್ನಡವೇ ಹತ್ತಿರ. ಫ್ರೆಂಚರ ತಕಾರ ದಕಾರಗಳು ನಮ್ಮ ‘ತ’, ‘ದ’ಗಳಂತೆ ನಾಲಗೆ ಹಲ್ಲಿಗೆ ತಾಗಿ ಹುಟ್ಟುವಂಥವು, ‘ಟ’, ‘ಡ’ ಅಲ್ಲ. ಮೇಜಿಗೆ ಅವರು ‘ತಾಬ್ಲ್’ ಎನ್ನುತ್ತಾರೆ. ಅವರ ಪಕಾರ ಕಕಾರಗಳಲ್ಲೂ ಇಂಗ್ಲಿಷರಂತೆ ಉಸಿರು ಚಿಮ್ಮುವುದಿಲ್ಲ. ಕ್ರಿಯಾಪದದ ವಿಷಯವೂ ಹಾಗೆಯೇ. ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ, ನಾವು ಹೋಗುತ್ತೇವೆ ಎಂದು ಕರ್ತೃವಿಗೆ ತಕ್ಕಂತೆ ಬಾಲ ಬದಲಿಸುವುದು ನಮಗೆ ತಾಯಿಯ ಹಾಲಿನೊಡನೆ ಬಂದ ಅಭ್ಯಾಸ. ಫ್ರೆಂಚ್ ಕೂಡ ಬದಲಿಸುತ್ತದೆ.

ತೊಡಕುಗಳೂ ಇವೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಮೇಜು ಪುಸ್ತಕಗಳೆಲ್ಲ ನಪುಂಸಕ. ಫ್ರೆಂಚ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ತರ್ಕ ಹುಡುಕಲು ಹೋಗಬೇಡಿ, ಪದದ ಜೊತೆಗೇ ಲಿಂಗಸೂಚಕವನ್ನೂ ಬಾಯಿಪಾಠ ಮಾಡಿ. ಪದದ ಕೊನೆಗೆ ಉಕಾರ ಹಚ್ಚಿ ‘ಬಸ್ಸು’, ‘ಕಾರು’ ಎನ್ನುವ ನಮ್ಮ ರೂಢಿ ಅಲ್ಲಿ ಸಲ್ಲದು. ಇನ್ನೊಂದು, ಉಚ್ಚಾರವನ್ನು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುವುದು. ನಾನೂ ಈ ಭಾಷಣದಲ್ಲಿ ಬೇರೆ ದಾರಿಯಿಲ್ಲದೆ ಅದನ್ನೇ ಮಾಡುತ್ತಿದ್ದೇನೆ, ನೀವು ಮಾಡಬೇಡಿ. ರೊಟ್ಟಿಗೆ ‘ಪ್ಯಾಂ’, ನವಿಲಿಗೆ ‘ಪಾಂ’, ಸೇತುವೆಗೆ ‘ಪೋಂ’ ಎಂದು ಬರೆದರೆ ಆ ಸೊನ್ನೆಯನ್ನು ಮಕಾರವೆಂದೋ ನಕಾರವೆಂದೋ ಓದಿ ತುಟಿ ಮುಚ್ಚಿಬಿಡುತ್ತೀರಿ. ನಿಜವಾಗಿ ಅಲ್ಲಿ ವ್ಯಂಜನವೇ ಇಲ್ಲ, ಸ್ವರವೇ ಮೂಗಿನಿಂದ ಹೊರಡುತ್ತದೆ. ಕೇಳಿಯೇ ಕಲಿಯಬೇಕು.

ಸಂಖ್ಯೆಗಳನ್ನು ಮರೆಯಬಾರದು. ತೊಂಬತ್ತೇಳಕ್ಕೆ ಫ್ರಾನ್ಸಿನವರು ‘ನಾಲ್ಕು ಇಪ್ಪತ್ತು ಹತ್ತು ಏಳು’ ಎಂಬಂತೆ ಹೇಳುತ್ತಾರೆ. ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಜೋಡಿಸಿ ಓದುತ್ತಾರೆ. ‘ನಾಲ್ಕು ಇಪ್ಪತ್ತು’ ಎಂದು ಕೇಳಿ ನೀವು 80 ಎಂದು ಬರೆಯುವಷ್ಟರಲ್ಲಿ ಅದು 97 ಆಗಿ, ಮುಂದಿನ ಜೋಡಿಯೂ ಕಳೆದುಹೋಗಿರುತ್ತದೆ. ದಿನಕ್ಕೆ ಐದು ನಿಮಿಷ ಬರೀ ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳುವುದು ವ್ಯರ್ಥವಲ್ಲ.

ಮಾತಿನ ಪರೀಕ್ಷೆಯ ಬಗ್ಗೆ ನನಗೆ ತುಸು ಹೆಚ್ಚು ಹೇಳಬೇಕೆನಿಸುತ್ತದೆ, ಮಾತಾಡಿಸುವುದೇ ನನ್ನ ವೃತ್ತಿಯಾದ್ದರಿಂದ. ಟಿಇಎಫ್ ಕೆನಡಾದ ಮಾತಿನಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಒಂದು ಜಾಹೀರಾತು ಕೊಡುತ್ತಾರೆ. ಅದನ್ನು ಕೊಟ್ಟವರಿಗೆ ಫೋನು ಮಾಡಿದಂತೆ ಐದು ನಿಮಿಷ ನೀವೇ ಪ್ರಶ್ನೆ ಕೇಳಬೇಕು. ಎರಡನೆಯದರಲ್ಲಿ ಪರೀಕ್ಷಕರು ನಿಮ್ಮ ಗೆಳೆಯನ ಪಾತ್ರ ವಹಿಸುತ್ತಾರೆ. ಯಾವುದೋ ಕೆಲಸಕ್ಕೆ ಅವರನ್ನು ಹತ್ತು ನಿಮಿಷದಲ್ಲಿ ಒಪ್ಪಿಸಬೇಕು. ಮೊದಲಿನದಕ್ಕೆ ‘ವೂ’, ಅಂದರೆ ನೀವು. ಎರಡನೆಯದಕ್ಕೆ ‘ತ್ಯು’, ಅಂದರೆ ನೀನು. ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ಒಂದೇ ಪದ. ನಮಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ‘ಸಾರ್, ಪಹಣಿ ಯಾವಾಗ ಕೊಡ್ತೀರಾ?’ ಎನ್ನುವ ನಾಲಗೆಯೇ ಹೊರಗೆ ಬಂದೊಡನೆ ‘ಬಾರೋ, ನಾಳೆ ಜಾತ್ರೆಗೆ ಹೋಗಣ’ ಎನ್ನುತ್ತದೆ. ಆ ಹೊರಳುವಿಕೆಯನ್ನೇ ಫ್ರೆಂಚ್‌ಗೆ ತನ್ನಿ. ಗೆಳೆಯನನ್ನು ‘ವೂ’ ಎಂದರೆ ಸಲಿಗೆಯ ಮಾತು ಕೃತಕವಾಗುತ್ತದೆ, ಅಧಿಕಾರಿಯನ್ನು ‘ತ್ಯು’ ಎಂದರೆ ಒರಟುತನ.

ನಮ್ಮ ಸ್ಟುಡಿಯೋಕ್ಕೆ ಬರುವ ಎಷ್ಟೋ ವಿದ್ವಾಂಸರು ಬರೆದು ತಂದದ್ದನ್ನು ಗಿಳಿಪಾಠದಂತೆ ಒಪ್ಪಿಸುತ್ತಾರೆ. ನಡುವೆ ಒಂದು ಪ್ರಶ್ನೆ ಹಾಕಿದರೆ ದಾರಿ ತಪ್ಪುತ್ತದೆ. ಪರೀಕ್ಷಕರು ಬೇಕೆಂದೇ ಅಂಥ ಪ್ರಶ್ನೆ ಹಾಕುತ್ತಾರೆ. ‘ನನಗೆ ಪುರುಸೊತ್ತಿಲ್ಲ, ದುಡ್ಡಿಲ್ಲ’ ಎಂದು ಗೆಳೆಯನ ಪಾತ್ರದಲ್ಲಿ ಕೊಸರಾಡುತ್ತಾರೆ. ನೀವು ಅದಕ್ಕೆ ಉತ್ತರ ಕೊಟ್ಟು ಮುಂದೆ ಹೋಗಬೇಕು. ಬಾಯಿಪಾಠದ ಪ್ರಬಂಧ ಅಲ್ಲಿ ಕೈಕೊಡುತ್ತದೆ. ಮೊಬೈಲಿನಲ್ಲಿ ನಿಮ್ಮ ಮಾತನ್ನು ನೀವೇ ಮುದ್ರಿಸಿಕೊಂಡು ಮರುದಿನ ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ, ಅದು ಎಲ್ಲರ ಅನುಭವ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಗಳ ಮೂಲಕವೂ ಕಿವಿಗೆ ತಲಪುವುದರಿಂದ ತುಂಬಿದಂತೆ ಕೇಳಿಸುತ್ತದೆ, ಯಂತ್ರದಲ್ಲಿ ಆ ಭಾಗ ಇರುವುದಿಲ್ಲ. ಎರಡನೆಯ ವಾರದಿಂದ ದನಿಯನ್ನು ಮರೆತು ತಪ್ಪುಗಳನ್ನು ಕೇಳತೊಡಗುತ್ತೀರಿ.

ಕೇಳುವುದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋ ಕಲಿಯುವವರಿಗಾಗಿಯೇ ಸರಳ ಫ್ರೆಂಚ್‌ನಲ್ಲಿ ಹತ್ತು ನಿಮಿಷದ ವಾರ್ತೆ ಪ್ರಸಾರ ಮಾಡುತ್ತದೆ. ಟಿವಿ5 ಮೋಂದ್ ವಾಹಿನಿ ದೃಶ್ಯದೊಂದಿಗೆ ಅಭ್ಯಾಸಪಾಠಗಳನ್ನು ಉಚಿತವಾಗಿ ಕೊಡುತ್ತದೆ. ಮತ್ತೋಡಿನಲ್ಲಿ ಕುಳಿತೇ ಇವನ್ನು ಪಡೆಯಬಹುದು. ಒಂದೇ ವಾರ್ತೆಯನ್ನು ಮೂರು ಸಲ ಕೇಳಿ: ಮೊದಲು ಬರೀ ಕೇಳುವುದು, ಆಮೇಲೆ ಲಿಖಿತ ರೂಪ ನೋಡುತ್ತ, ಕೊನೆಗೆ ಮತ್ತೆ ನೋಡದೆ. ದಿನಕ್ಕೊಂದು ಹೊಸದನ್ನು ಮೇಲೆ ಮೇಲೆ ಕೇಳಿ ಬಿಡುವುದಕ್ಕಿಂತ ಇದೇ ಲೇಸೆಂದು ನನ್ನ ಅನಿಸಿಕೆ. ಮಾತು ತಿದ್ದಲು ಮಾತ್ರ ಗುರು ಬೇಕೇ ಬೇಕು. ಬೆಂಗಳೂರಿನ ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿರುವ ಅಲಿಯಾನ್ಸ್ ಫ್ರಾನ್ಸೇಜ್ ಸಂಸ್ಥೆಯಲ್ಲಿ ತರಗತಿಗಳೂ ಇವೆ, ಪರೀಕ್ಷೆಗಳೂ ನಡೆಯುತ್ತವೆ. ಶುಲ್ಕ ಮತ್ತು ದಿನಾಂಕಗಳನ್ನು ಅವರಿಂದಲೇ ನೇರವಾಗಿ ಕೇಳಿ ತಿಳಿಯಿರಿ, ಮಧ್ಯವರ್ತಿಯ ಬಾಯಿಂದ ಬೇಡ.

1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ವರ್ಸಾಯ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರ ಮಾತನ್ನು ದಾಟಿಸಲು ದುಭಾಷಿ ಇದ್ದ. ಪರೀಕ್ಷೆಯ ಕೊಠಡಿಯಲ್ಲಿ ನಿಮಗೆ ಆ ಅನುಕೂಲವಿಲ್ಲ.

ಕೊನೆಯದಾಗಿ ಹೆಸರಿನ ವಿಚಾರ. ಇದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರೋ ತಂದೆಯ ಹೆಸರೋ ಆಗಿರುತ್ತದೆ. ಪರೀಕ್ಷೆಗೆ ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರವೂ ಬದಲಾಗದಂತೆ ಬರೆಯಬೇಕು. ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ವ್ಯತ್ಯಾಸವಿದ್ದರೆ ಅದನ್ನು ಕಾಲೇಜಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ದಿನವೇ ಬೆಂಗಳೂರು ಸೇರಿ, ಮೂಲ ಪಾಸ್‌ಪೋರ್ಟನ್ನು ಮರೆಯದೆ ಒಯ್ಯಿರಿ. ಬರವಣಿಗೆ ಕಂಪ್ಯೂಟರಿನಲ್ಲಿ ಆದರೆ ಕೀಲಿಮಣೆ ಯಾವ ಮಾದರಿಯದು, ಅಕ್ಷರದ ಮೇಲಿನ ಗೀಟುಗಳನ್ನು ಹಾಕುವುದು ಹೇಗೆ ಎಂದು ಕೇಂದ್ರದವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅರವತ್ತು ನಿಮಿಷಗಳಲ್ಲಿ ಹತ್ತು ನಿಮಿಷ ಆ ಗೀಟು ಹುಡುಕುವುದಕ್ಕೇ ಹೋಗಬಾರದು.